ದೋಣಿಗೊಂದು ತೊಟ್ಟಿಲು

ನೀರಿನ ಮೇಲೆ ತೇಲುವುದಕ್ಕೆಂದೇ ನಿರ್ಮಿತವಾದದ್ದು ದೋಣಿ. ಬಳಕೆಯಿಲ್ಲದ ದಿನಗಳಲ್ಲಿ ಅದನ್ನು ನೀರಿನಿಂದ ಮೇಲಕ್ಕೆತ್ತಿ, ತೊಟ್ಟಿಲಿನಲ್ಲಿ ಮಗುವನ್ನು ಮಲಗಿಸಿದಂತೆ ಪಟ್ಟಿಗಳ ಮೇಲೆ ತೂಗಿಡುವ ಪದ್ಧತಿಯೊಂದುಂಟು. ಇದು ಮೊದಲ ನೋಟಕ್ಕೆ ವಿಚಿತ್ರವೆಂದು ತೋರಬಹುದು. ತೇಲುವ ವಸ್ತುವನ್ನು ತೇಲಲು ಬಿಡದೆ ಇಷ್ಟು ಶ್ರಮಪಟ್ಟು ಎತ್ತುವುದೇಕೆ? ಎತ್ತುವಾಗ ಎಷ್ಟು ಬಲ ಬೇಕು? ಎತ್ತಿದ ಮೇಲೆ ಅದು ಸುರಕ್ಷಿತವಾಗಿರಬೇಕಾದರೆ ಯಾವ ನಿಯಮಗಳನ್ನು ಪಾಲಿಸಬೇಕು? ಈ ಪ್ರಶ್ನೆಗಳನ್ನು ಭೌತವಿಜ್ಞಾನದ ದೃಷ್ಟಿಯಿಂದ ವಿಚಾರಮಾಡೋಣ.

ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳಲ್ಲಿ ವಾಸಿಸುವವರಿಗೆ ದೋಣಿಯ ಸಹವಾಸ ಕಡಿಮೆಯೆಂಬುದು ನಿಜ. ಕರ್ನಲ್ ರಿಚರ್ಡ್ ಸ್ಯಾಂಕಿ 1882ರಲ್ಲಿ ಕಟ್ಟಿಸಿದ, ಅವನ ಹೆಸರನ್ನೇ ಹೊತ್ತಿರುವ ಕೆರೆಯಾಗಲಿ, ಹಲಸೂರಿನ ಕೆರೆಯಾಗಲಿ ನಮಗೆ ಪರಿಚಿತವಾದ ಜಲರಾಶಿಗಳು, ಕಡಲು ಬಹುದೂರ. ಆದರೂ ಈ ವಿಷಯವನ್ನು ತಿಳಿಯುವುದಕ್ಕೆ ಕಡಲತೀರಕ್ಕೇ ಹೋಗಬೇಕಾಗಿಲ್ಲ. ಈ ಬಡಾವಣೆಗಳ ಹಳೆಯ ಮನೆಗಳ ಹಿತ್ತಲಿನಲ್ಲಿದ್ದಂಥ ಬಾವಿ, ರಾಟೆ, ಹಗ್ಗ, ಕೊಡ ಇವಿಷ್ಟೇ ಸಾಕು.

ಏಕೆ ಎತ್ತಬೇಕು?

ಸದಾ ನೀರಿನಲ್ಲೇ ನಿಂತ ದೋಣಿಗೆ ಶತ್ರುಗಳು ಹಲವು. ಸಮುದ್ರದ ನೀರಿನಲ್ಲಿ ಪಾಚಿಯೂ ಸುಣ್ಣದ ಚಿಪ್ಪುಳ್ಳ ಸಣ್ಣ ಜೀವಿಗಳೂ ತಳಕ್ಕೆ ಅಂಟಿ ಬೆಳೆಯುತ್ತವೆ. ನುಣುಪಾಗಿದ್ದ ತಳ ಒರಟಾಗುತ್ತದೆ. ನೀರಿನ ಎಳೆತ ಹೆಚ್ಚುತ್ತದೆ. ಅದೇ ವೇಗಕ್ಕೆ ಹೆಚ್ಚು ಇಂಧನ ಬೇಕಾಗುತ್ತದೆ. ಮರದ ದೋಣಿಯಾದರೆ ಮರವನ್ನು ಕೊರೆದು ತಿನ್ನುವ ಹುಳುವಿನಂಥ ಮೃದ್ವಂಗಿಗಳ ಕಾಟ. ಗಾಜಿನ ನಾರಿನಿಂದ ಮಾಡಿದ ದೋಣಿಯೂ ಬಹುಕಾಲ ನೀರಿನಲ್ಲಿ ನಿಂತರೆ, ಹೊರಪದರದ ಮೂಲಕ ನೀರು ನಿಧಾನವಾಗಿ ಒಳಸೇರಿ ಅಲ್ಲಲ್ಲಿ ಬೊಕ್ಕೆಗಳೇಳುವುದುಂಟು.

ಲೋಹಗಳಿಗೆ ಬೇರೆಯೇ ಅಪಾಯ. ಎರಡು ಬೇರೆ ಬೇರೆ ಲೋಹಗಳು ಒಂದನ್ನೊಂದು ತಾಕಿಕೊಂಡು ಉಪ್ಪುನೀರಿನಲ್ಲಿ ಮುಳುಗಿದ್ದರೆ ಅವು ವಿದ್ಯುತ್ಕೋಶದಂತೆ ವರ್ತಿಸಿ, ಅವುಗಳಲ್ಲೊಂದು ಸವೆಯುತ್ತದೆ. ಹಡಗಿನ ತಳದ ತಾಮ್ರದ ಹೊದಿಕೆಯನ್ನು ಸತುವು ಇಲ್ಲವೆ ಕಬ್ಬಿಣದ ತುಂಡುಗಳಿಂದ ರಕ್ಷಿಸಬಹುದೆಂದು ಸರ್ ಹಂಫ್ರಿ ಡೇವಿ 1824ರಲ್ಲಿ ತೋರಿಸಿದನು. ತಾಮ್ರವೇನೋ ಉಳಿಯಿತು, ಆದರೆ ಸವೆಯದ ತಾಮ್ರದ ಮೇಲೆ ಚಿಪ್ಪುಜೀವಿಗಳು ಸೊಂಪಾಗಿ ಬೆಳೆದವು! ನೀರಿನಿಂದ ಮೇಲೆ ಎತ್ತಿಟ್ಟ ದೋಣಿಗೆ ಈ ತೊಂದರೆಗಳೆಲ್ಲ ಬಹುಮಟ್ಟಿಗೆ ತಪ್ಪುತ್ತವೆ.

ನಮ್ಮ ಕರಾವಳಿಯ ಮೀನುಗಾರರಿಗೆ ಇದು ಹೊಸ ವಿಷಯವೇನಲ್ಲ. ಮಳೆಗಾಲದ ಕಡಲು ಕೆರಳುವ ಮುನ್ನ ಸಣ್ಣ ದೋಣಿಗಳನ್ನು ಮರದ ದಿಮ್ಮಿಗಳ ಮೇಲೆ ಉರುಳಿಸುತ್ತ ದಂಡೆಗೆ ಎಳೆದಿಡುವುದು ಹಿಂದಿನಿಂದ ಬಂದ ರೂಢಿ. ಈಚಿನ ವರ್ಷಗಳಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವೂ ಇರುವುದರಿಂದ, ದೋಣಿಯನ್ನು ಜೋಪಾನವಾಗಿಡುವುದು ಆ ಕಾಲದ ಮುಖ್ಯ ಕೆಲಸವಾಗುತ್ತದೆ.

ಬಾವಿಯ ಕೊಡ ಕಲಿಸುವ ಪಾಠ

ಬಾವಿಯಿಂದ ನೀರು ಸೇದಿದವರೆಲ್ಲರಿಗೂ ಒಂದು ಅನುಭವ ಉಂಟಷ್ಟೆ: ತುಂಬಿದ ಕೊಡ ನೀರಿನೊಳಗಿರುವಾಗ ಹಗ್ಗ ಹಗುರವಾಗಿರುತ್ತದೆ, ಕೊಡ ನೀರಿನ ಮಟ್ಟವನ್ನು ಬಿಟ್ಟು ಮೇಲೇಳುತ್ತಿದ್ದಂತೆ ಕೈಗೆ ಭಾರ ತಟ್ಟುತ್ತದೆ. ಕೊಡದ ತೂಕವೇನೂ ಬದಲಾಗಲಿಲ್ಲ. ಅದುವರೆಗೆ ಆ ತೂಕದ ಬಹುಭಾಗವನ್ನು ಸುತ್ತಲಿನ ನೀರು ಹೊತ್ತಿತ್ತು. ಈಗ ಹಗ್ಗವೇ ಹೊರಬೇಕಾಯಿತು. ಮುಳುಗಿದ ವಸ್ತು ಎಷ್ಟು ನೀರನ್ನು ಪಕ್ಕಕ್ಕೆ ತಳ್ಳುವುದೋ ಅಷ್ಟು ನೀರಿನ ತೂಕಕ್ಕೆ ಸಮನಾದ ಬಲ ಅದನ್ನು ಮೇಲಕ್ಕೆ ನೂಕುತ್ತದೆ ಎಂಬ ಆರ್ಕಿಮಿಡೀಸನ ತತ್ತ್ವ ಇದೇ.

ದೋಣಿಯ ವಿಷಯವೂ ಹಾಗೆಯೇ. ಎಂಜಿನ್ ಸೇರಿ 600 ಕಿಲೋಗ್ರಾಂ ತೂಗುವ ದೋಣಿಯೊಂದನ್ನು ಭಾವಿಸಿಕೊಳ್ಳಿ. ಕೆರೆಯ ಸಿಹಿನೀರಿನಲ್ಲಿ ತೇಲುವಾಗ ಅದು 600 ಲೀಟರ್ ನೀರನ್ನು ಪಕ್ಕಕ್ಕೆ ತಳ್ಳಿರುತ್ತದೆ. ಕಡಲಿನ ನೀರು ಹೆಚ್ಚು ಸಾಂದ್ರವಾದುದರಿಂದ ಅಲ್ಲಿ ಸುಮಾರು 585 ಲೀಟರ್ ಸಾಕು. ಎತ್ತುಯಂತ್ರದ ಪಟ್ಟಿಗಳು ತಳಕ್ಕೆ ತಗುಲಿದ ಕ್ಷಣದಲ್ಲಿ ಹಗ್ಗದ ಮೇಲಿನ ಭಾರ ಸೊನ್ನೆ. ಕೆರೆಯಲ್ಲಿ ಮುಳುಗಿದ ಭಾಗ 300 ಲೀಟರಿಗೆ ಇಳಿದಾಗ ನೀರು ಅರ್ಧವನ್ನೂ ಹಗ್ಗ ಅರ್ಧವನ್ನೂ ಹೊರುತ್ತವೆ. ತಳ ಪೂರ್ತಿಯಾಗಿ ನೀರನ್ನು ಬಿಟ್ಟಾಗ 600 ಕಿಲೋಗ್ರಾಮೂ ಹಗ್ಗದ ಪಾಲಿಗೆ ಬರುತ್ತದೆ.

ಇದರಿಂದ ಉಪಯುಕ್ತವಾದ ನಿಯಮವೊಂದು ದೊರೆಯುತ್ತದೆ. ದೋಣಿ ನೀರಿನಿಂದ ಒಂದು ಗೇಣು ಮೇಲೇಳುತ್ತಲೇ ಎತ್ತುವುದನ್ನು ನಿಲ್ಲಿಸಿ, ಹಗ್ಗ, ಪಟ್ಟಿ, ಕಂಬಗಳನ್ನು ಪರೀಕ್ಷಿಸಬೇಕು. ಆಗ ಪೂರ್ಣಭಾರ ಬಿದ್ದಿರುತ್ತದೆ. ಆದರೆ ಏನಾದರೂ ಜಾರಿದರೆ ದೋಣಿ ಒಂದು ಗೇಣು ಮಾತ್ರ ಕೆಳಗಿರುವ ನೀರಿಗೆ ಸೇರುತ್ತದೆ. ಪರೀಕ್ಷೆಗೆ ಇದಕ್ಕಿಂತ ತಕ್ಕ ಸಮಯವಿಲ್ಲ.

ರಾಟೆಯ ಲೆಕ್ಕ

ಬಾವಿಯ ಒಂಟಿ ರಾಟೆ ಬಲದ ದಿಕ್ಕನ್ನು ಬದಲಿಸುವುದೇ ಹೊರತು ಬಲವನ್ನು ಉಳಿಸುವುದಿಲ್ಲ. ಮೇಲೆ ಕೆಲವು, ಕೆಳಗೆ ಕೆಲವು ರಾಟೆಗಳನ್ನಿಟ್ಟು ಒಂದೇ ಹಗ್ಗವನ್ನು ಹೊಸೆದರೆ ಭಾರವನ್ನು ಹಲವು ಎಳೆಗಳು ಹಂಚಿಕೊಳ್ಳುತ್ತವೆ. ನಾಲ್ಕು ಎಳೆಗಳಾದರೆ ಒಂದೊಂದರ ಪಾಲು 150 ಕಿಲೋಗ್ರಾಂ. ಇದು ಪುಕ್ಕಟೆಯ ಲಾಭವಲ್ಲ: ದೋಣಿ ಒಂದು ಮೀಟರ್ ಏರಲು ಹಗ್ಗವನ್ನು ನಾಲ್ಕು ಮೀಟರ್ ಎಳೆಯಬೇಕು. ಆ ಹಗ್ಗವನ್ನು 5 ಸೆಂಟಿಮೀಟರ್ ತ್ರಿಜ್ಯದ ಉರುಳೆಗೆ ಸುತ್ತಿ, 30 ಸೆಂಟಿಮೀಟರ್ ಉದ್ದದ ಹಿಡಿಯಿಂದ ತಿರುಗಿಸಿದರೆ ಇನ್ನೂ ಆರುಪಟ್ಟು ಅನುಕೂಲ. ಆಗ ಬೇಕಾಗುವ ಬಲ 25 ಕಿಲೋಗ್ರಾಂ ಮಾತ್ರ. ಘರ್ಷಣೆಯಿಂದ ಹತ್ತರಲ್ಲಿ ನಾಲ್ಕು ಪಾಲು ವ್ಯರ್ಥವಾಯಿತೆಂದರೆ ಇದು ಸುಮಾರು 42 ಆಗುತ್ತದೆ. ಅದನ್ನೂ ತಗ್ಗಿಸಲು ಹಲ್ಲುಗಾಲಿಗಳನ್ನು ಸೇರಿಸುತ್ತಾರೆ, ಇಲ್ಲವೆ ವಿದ್ಯುತ್ ಮೋಟಾರನ್ನು ಜೋಡಿಸುತ್ತಾರೆ.

ಮಾಡಬೇಕಾದ ಕೆಲಸ ನಿಜವಾಗಿ ಅಲ್ಪ. 600 ಕಿಲೋಗ್ರಾಂ ದೋಣಿಯನ್ನು ಒಂದೂವರೆ ಮೀಟರ್ ಎತ್ತಲು, ಘರ್ಷಣೆಯನ್ನು ಬಿಟ್ಟರೆ, ಒಂದು ಯೂನಿಟ್ ವಿದ್ಯುತ್ತಿನ ಸುಮಾರು ನಾನೂರನೆಯ ಒಂದು ಭಾಗ ಸಾಕು. ಆದರೆ ಈ ಶಕ್ತಿ ಎತ್ತಿದ ದೋಣಿಯಲ್ಲಿ ಅಡಗಿಯೇ ಇರುತ್ತದೆ. ತಡೆ ಸಡಿಲವಾದರೆ ಅದೆಲ್ಲವೂ ಒಮ್ಮೆಗೇ ಹೊರಬಂದು ಹಿಡಿಯನ್ನು ಗಿರ್ರನೆ ತಿರುಗಿಸಿ ಕೈಮೂಳೆಯನ್ನು ಮುರಿಯಬಲ್ಲದು. ಆದುದರಿಂದಲೇ ಚಕ್ರ ಹಿಂದಕ್ಕೆ ತಿರುಗದಂತೆ ತಡೆಯುವ ಕೊಕ್ಕೆ ಇರಲೇಬೇಕು. ತೂಗುತ್ತಿರುವ ದೋಣಿಯ ಒಳಗಾಗಲಿ ಕೆಳಗಾಗಲಿ ಯಾರೂ ಇರಕೂಡದು.

ಭಾರ ಎಲ್ಲಿ ಬೀಳುತ್ತದೆ?

ದೋಣಿಯನ್ನು ಎರಡು ಪಟ್ಟಿಗಳು ಹೊತ್ತಿದ್ದರೆ ಒಂದೊಂದಕ್ಕೂ 300 ಕಿಲೋಗ್ರಾಂ ಎಂದು ಊಹಿಸುವುದು ಸಹಜ. ಈ ಊಹೆ ತಪ್ಪು. ತಕ್ಕಡಿಯ ನ್ಯಾಯವನ್ನು ಇಲ್ಲಿ ನೆನೆಯಬೇಕು. ನಮ್ಮ ದೋಣಿ 5 ಮೀಟರ್ ಉದ್ದವಿದೆಯೆನ್ನೋಣ. ಎಂಜಿನ್ನಿನ 100 ಕಿಲೋಗ್ರಾಂ ಹಿಂದುಗಡೆಯ ತುದಿಯಲ್ಲೇ ಇದೆ. ಉಳಿದ 500 ಕಿಲೋಗ್ರಾಮಿನ ಗುರುತ್ವಕೇಂದ್ರ ಹಿಂದಿನಿಂದ 2.2 ಮೀಟರ್ ದೂರದಲ್ಲಿದೆ. ಎರಡನ್ನೂ ಕೂಡಿಸಿದರೆ ಒಟ್ಟು ಗುರುತ್ವಕೇಂದ್ರ ಹಿಂದಿನಿಂದ 1.83 ಮೀಟರಿಗೆ ಬರುತ್ತದೆ. ಪಟ್ಟಿಗಳನ್ನು ಎರಡು ತುದಿಗಳಿಂದಲೂ ಒಂದೊಂದು ಮೀಟರ್ ಒಳಕ್ಕೆ ಹಾಕಿದೆವೆನ್ನಿ. ಆಗ ಮುಂದಿನ ಪಟ್ಟಿಗೆ ಬೀಳುವ ಭಾರ ಸುಮಾರು 167 ಕಿಲೋಗ್ರಾಂ, ಹಿಂದಿನದಕ್ಕೆ 433! ನೋಟಕ್ಕೆ ಸಮವಾಗಿ ಕಂಡದ್ದು ತೂಕದಲ್ಲಿ ಸಮವಾಗಿಲ್ಲ. ಸಮವಾಗಬೇಕಾದರೆ ಪಟ್ಟಿಗಳು ಗುರುತ್ವಕೇಂದ್ರದಿಂದ ಎರಡು ಕಡೆಗೂ ಸಮದೂರದಲ್ಲಿರಬೇಕು. ಉದಾಹರಣೆಗೆ, ಹಿಂದಿನಿಂದ 0.63 ಮೀಟರಿನಲ್ಲಿ ಒಂದು, 3.03 ಮೀಟರಿನಲ್ಲಿ ಇನ್ನೊಂದು.

ಮತ್ತೊಂದು ಅಂಶ. ನೀರಿನಲ್ಲಿರುವಾಗ ದೋಣಿಯ ತಳಕ್ಕೆಲ್ಲ ಹಾಸಿಗೆಯ ಆಸರೆ. ಆ ಹಾಸಿಗೆಯ ವಿಸ್ತೀರ್ಣ 8 ಚದರ ಮೀಟರ್ ಇದ್ದು, ಎರಡು ಪಟ್ಟಿಗಳು ಸೇರಿ 0.4 ಚದರ ಮೀಟರನ್ನಷ್ಟೇ ಮುಟ್ಟುತ್ತಿದ್ದರೆ ತಳದ ಮೇಲಿನ ಸರಾಸರಿ ಒತ್ತಡ ಇಪ್ಪತ್ತು ಪಟ್ಟಾಗುತ್ತದೆ. ಆದುದರಿಂದ ಪಟ್ಟಿಗಳು ಅಗಲವಾಗಿರಬೇಕು. ದೋಣಿಯ ಒಳಗೆ ಅಡ್ಡತಡಿಕೆಯಿಂದ ಬಲಪಡಿಸಿರುವ ಕಡೆಗೆ ಆದಷ್ಟು ಸಮೀಪವಾಗಿಯೂ ಇರಬೇಕು.

ಮಳೆಯೆಂಬ ಮರೆತ ಭಾರ

ಎತ್ತಿಟ್ಟ ದೋಣಿಗೆ ಒದಗುವ ಅಪಾಯಗಳಲ್ಲಿ ಎಲ್ಲಕ್ಕಿಂತ ಮೋಸದ್ದು ಮಳೆನೀರು. ತೇಲುವ ದೋಣಿಯಲ್ಲಿ ನೀರು ನಿಂತರೆ ಅದು ತಗ್ಗುತ್ತದೆ. ನೋಡಿದವರು ನೀರನ್ನು ಮೊಗೆದು ಚೆಲ್ಲುತ್ತಾರೆ. ತೂಗುವ ದೋಣಿ ಅಂಥ ಯಾವ ಸೂಚನೆಯನ್ನೂ ಕೊಡುವುದಿಲ್ಲ. ಅದು ಈಗ ದೋಣಿಯಲ್ಲ, ಬಾನಿಗೆ ಬಾಯ್ದೆರೆದ ತೊಟ್ಟಿ.

ಲೆಕ್ಕ ಹಾಕಿ ನೋಡೋಣ. ದೋಣಿಯ ತೆರೆದ ಬಾಯಿ 8 ಚದರ ಮೀಟರ್. ನಮ್ಮ ಕರಾವಳಿಯಲ್ಲಿ ಜೂನ್, ಜುಲೈ ತಿಂಗಳುಗಳಲ್ಲಿ ಒಂದೇ ದಿನ 100 ಮಿಲಿಮೀಟರ್ ಮಳೆ ಸುರಿಯುವುದು ಅಪರೂಪವಲ್ಲ. ಅಷ್ಟು ಮಳೆ ಈ ಬಾಯಿಗೆ ಬಿದ್ದರೆ ಸೇರುವ ನೀರು 800 ಲೀಟರ್, ಅಂದರೆ 800 ಕಿಲೋಗ್ರಾಂ. ದೋಣಿಯ ತೂಕಕ್ಕಿಂತಲೂ ಹೆಚ್ಚು! ಒಂದು ಟನ್ ಹೊರಲು ನಿರ್ಮಿಸಿದ ಎತ್ತುಯಂತ್ರದ ಮೇಲೆ ಬೆಳಗಾಗುವುದರೊಳಗೆ 1400 ಕಿಲೋಗ್ರಾಂ ಕುಳಿತಿರುತ್ತದೆ. ಅದೂ ಸಾಲದೆಂದು, ನೀರು ನಿಂತಲ್ಲಿ ನಿಲ್ಲುವ ವಸ್ತುವಲ್ಲ. ದೋಣಿ ಕೊಂಚ ಹಿಂದಕ್ಕೆ ವಾಲಿದರೂ ನೀರು ಹಿಂದಕ್ಕೆ ಹರಿಯುತ್ತದೆ. ಹರಿದ ನೀರಿನ ಭಾರದಿಂದ ಹಿಂದಿನ ಪಟ್ಟಿ ಇನ್ನಷ್ಟು ಹಿಗ್ಗಿ ದೋಣಿ ಮತ್ತಷ್ಟು ವಾಲುತ್ತದೆ. ಮತ್ತಷ್ಟು ನೀರು ಅತ್ತ ಧಾವಿಸುತ್ತದೆ. ಮೊದಲೇ ಹೆಚ್ಚು ಭಾರ ಹೊತ್ತಿದ್ದ ಪಟ್ಟಿಯೇ ಮೊದಲು ಹರಿಯುತ್ತದೆ.

ಪರಿಹಾರ ಅತಿ ಸುಲಭ. ದೋಣಿಯ ಹಿಂಭಾಗದ ತಳದಲ್ಲಿ ನೀರು ಬಸಿಯಲು ಒಂದು ರಂಧ್ರವೂ ಅದಕ್ಕೆ ಬಿರಡೆಯೂ ಇರುತ್ತವೆ. ದೋಣಿಯನ್ನು ಎತ್ತಿದ ಕೂಡಲೆ ಬಿರಡೆಯನ್ನು ತೆಗೆಯಬೇಕು. ನೀರು ರಂಧ್ರದ ಕಡೆಗೇ ಹರಿಯುವಂತೆ ಹಿಂಭಾಗವನ್ನು ಸ್ವಲ್ಪ ತಗ್ಗಿಸಿಡಬೇಕು. ತರಗೆಲೆ ಕಟ್ಟಿಕೊಂಡಿಲ್ಲವೆಂದು ಆಗಾಗ್ಗೆ ನೋಡಬೇಕು. ದೋಣಿಯನ್ನು ಇಳಿಸುವ ಮುನ್ನ ಅದೇ ಬಿರಡೆಯನ್ನು ಮರಳಿ ಹಾಕಲು ಮರೆಯಬಾರದು. ತೆಗೆದ ಬಿರಡೆಯನ್ನು ಎಂಜಿನ್ನಿನ ಕೀಲಿಕೈಗೆ ಕಟ್ಟಿಡುವುದು ಜಾಣತನ.

ಕಾರವಾರದ ದೊಡ್ಡ ತೊಟ್ಟಿಲು

ಸಣ್ಣ ದೋಣಿಗೆ ಅನ್ವಯಿಸುವ ಈ ತತ್ತ್ವಗಳೇ ಮಹಾನೌಕೆಗಳಿಗೂ ಅನ್ವಯಿಸುತ್ತವೆ. ಕಾರವಾರದ ಬಳಿ 2005ರ ಮೇ 31ರಂದು ಸೇವೆಗೆ ಸೇರಿದ ಭಾರತೀಯ ನೌಕಾಪಡೆಯ ಕದಂಬ ನೆಲೆಯಲ್ಲಿ 10,000 ಟನ್ ಎತ್ತಬಲ್ಲ ನೌಕೋತ್ಥಾಪಕವಿದೆ. ದೊಡ್ಡದೊಂದು ವೇದಿಕೆಯನ್ನು ನೀರಿನೊಳಕ್ಕೆ ಇಳಿಸುತ್ತಾರೆ. ನೌಕೆ ತೇಲಿಬಂದು ಅದರ ಮೇಲೆ ನಿಲ್ಲುತ್ತದೆ. ಎರಡು ಪಕ್ಕಗಳಲ್ಲಿ ಸಾಲಾಗಿರುವ ಎತ್ತುಯಂತ್ರಗಳು ವೇದಿಕೆಯನ್ನು ಮೇಲಕ್ಕೆಳೆಯುತ್ತವೆ. ಅವೆಲ್ಲವೂ ಸಮವೇಗದಲ್ಲಿ ತಿರುಗಬೇಕು. ಒಂದು ಹಿಂದುಳಿದರೂ, ನಮ್ಮ ಎರಡು ಪಟ್ಟಿಗಳ ಲೆಕ್ಕದಂತೆ, ಅದರ ಭಾರ ನೆರೆಯವುಗಳ ಮೇಲೆ ಬೀಳುತ್ತದೆ. ಮೇಲೆ ಬಂದ ನೌಕೆಯನ್ನು ಹಳಿಗಳ ಮೇಲೆ ಪಕ್ಕಕ್ಕೆ ಸಾಗಿಸುವುದರಿಂದ ಒಂದೇ ಯಂತ್ರ ಹಲವು ನೌಕೆಗಳ ಸೇವೆ ಮಾಡುತ್ತದೆ.

ಸ್ಕಾಟ್ಲೆಂಡಿನಲ್ಲಿ 2002ರಲ್ಲಿ ತೆರೆದ ಫಾಲ್ಕರ್ಕ್ ಚಕ್ರ ಇನ್ನೊಂದು ಬಗೆಯದು. ಅಲ್ಲಿ ದೋಣಿಯನ್ನು ನೀರು ತುಂಬಿದ ತೊಟ್ಟಿಯೊಡನೆಯೇ 24 ಮೀಟರ್ ಎತ್ತುತ್ತಾರೆ. ದೋಣಿ ಒಳಬಂದಾಗ ತನ್ನಷ್ಟೇ ತೂಕದ ನೀರನ್ನು ಹೊರಕ್ಕೆ ಕಳುಹಿಸುವುದರಿಂದ, ನೀರಿನ ಮಟ್ಟ ಒಂದೇ ಆಗಿರುವಾಗ, ದೋಣಿಯಿದ್ದರೂ ಇಲ್ಲದಿದ್ದರೂ ತೊಟ್ಟಿಯ ತೂಕ ಒಂದೇ! ಎದುರುಬದುರಿನ ಎರಡು ತೊಟ್ಟಿಗಳು ಸದಾ ಸಮತೂಕದಲ್ಲಿರುವುದರಿಂದ ಚಕ್ರವನ್ನು ತಿರುಗಿಸಲು ಅತ್ಯಲ್ಪ ಶಕ್ತಿ ಸಾಕಾಗುತ್ತದೆ.

ಎರಡು ಸಾವಿರ ವರ್ಷಗಳಿಗೂ ಹಿಂದೆ ಆರ್ಕಿಮಿಡೀಸನು ಕಂಡ ಸತ್ಯವೇ ಸ್ಕಾಟ್ಲೆಂಡಿನ ಚಕ್ರದಲ್ಲಿಯೂ ಕಾರವಾರದ ವೇದಿಕೆಯಲ್ಲಿಯೂ ಹಿತ್ತಲಿನ ಬಾವಿಯ ಕೊಡದಲ್ಲಿಯೂ ಇದೆ. ದೋಣಿಯ ಒಡೆಯನಿಗೆ ಅದು ಹೇಳುವ ಮಾತು ಇಷ್ಟೆ: ನೀರು ಇದುವರೆಗೆ ಸದ್ದಿಲ್ಲದೆ ಹೊತ್ತಿದ್ದ ಭಾರವನ್ನು ಇನ್ನು ಹಗ್ಗವೂ ಪಟ್ಟಿಯೂ ಹೊರಬೇಕು. ಅದು ಎಷ್ಟು, ಎಲ್ಲಿ ಬೀಳುವುದು, ಮಳೆ ಬಂದರೆ ಎಷ್ಟಾಗುವುದು, ಈ ಮೂರನ್ನು ಲೆಕ್ಕ ಹಾಕಿದ ಮೇಲೆಯೇ ದೋಣಿಯನ್ನು ತೊಟ್ಟಿಲಿಗೆ ಹಾಕಬೇಕು.