ಚರ್ಮರೋಗಕ್ಕೆ ಪ್ರೋಟೀನ್ ಔಷಧ



ನಮ್ಮ ಸೋದರಮಾವ ಮಲ್ಲಿಗೆ ಬೆಳೆಯುತ್ತಾರೆ. ಹಡಗಲಿ ಮಲ್ಲಿಗೆ ಅಂದ್ರೆ ಯಾರಿಗೆ ಗೊತ್ತಿಲ್ಲ? ಆದರೆ ಮೂರು ವರ್ಷದಿಂದ ಅವರ ಮೊಣಕೈ, ಮೊಣಕಾಲಿನ ಮೇಲೆ ಕೆಂಪು ಮಚ್ಚೆ ಎದ್ದು ಬೆಳ್ಳಗೆ ಹೊಟ್ಟು ಉದುರುತ್ತದೆ. ಒಂದು ದಿನ ಹೂ ಕೊಳ್ಳಲು ಬಂದ ಹೆಂಗಸೊಬ್ಬಳು, "ಬ್ಯಾಡಪ್ಪ, ನಿನ್ನ ಕೈಯಾಗಿನ ಹೂವು ದೇವರಿಗೆ ಹೆಂಗ ಏರಿಸ್ಲಿ?" ಎಂದು ಹೊರಟೇಹೋದಳು. ಮಾವ ಏನೂ ಮಾತಾಡಲಿಲ್ಲ. ಅಂದಿನಿಂದ ಅತ್ತೆಯೇ ಹೂ ಮಾರುತ್ತಾರೆ.

ಈ ರೋಗದ ಹೆಸರು ಸೋರಿಯಾಸಿಸ್. ಇದು ಅಂಟುರೋಗವಲ್ಲ. ಮುಟ್ಟಿದರೂ ಬರುವುದಿಲ್ಲ, ಒಂದೇ ತಾಟಿನಲ್ಲಿ ಉಂಡರೂ ಬರುವುದಿಲ್ಲ. (ಈ ಸಾಲುಗಳನ್ನು ಬೇಕೆಂದೇ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ.)

ನಮ್ಮ ಬಿಳಿ ರಕ್ತಕಣಗಳಲ್ಲಿ ಟಿ-ಕಣ ಎಂಬ ಬಗೆಯೊಂದಿದೆ. ರೋಗಾಣು ಬಂದರೆ ಹೋರಾಡುವುದು ಅವುಗಳ ಕೆಲಸ. ಸೋರಿಯಾಸಿಸ್ ಇದ್ದವರಲ್ಲಿ ರೋಗಾಣು ಇಲ್ಲದಿದ್ದರೂ ಅವು ಚರ್ಮದ ಮೇಲೆ ಸಿಟ್ಟಿಗೇಳುತ್ತವೆ, ಹೊಲ ಕಾಯೋ ನಾಯಿ ಒಡೆಯನನ್ನೇ ಕಡಿದ ಹಾಗೆ. ಅದರಿಂದ ಉರಿಯೂತ ಆಗುತ್ತದೆ. ಚರ್ಮದ ಕೋಶ ಹುಟ್ಟಿ, ಮೇಲೆ ಬಂದು ಉದುರಲು ಸುಮಾರು ಒಂದು ತಿಂಗಳು ಬೇಕು. ಇವರಲ್ಲಿ ಕೆಲವೇ ದಿನ ಸಾಕು. ಹೊಟ್ಟು ಅಂದ್ರೆ ಅದೇ.

ಈಗ ಔಷಧದ ಮಾತು. ಪ್ರೋಟೀನ್ ಅಂದ್ರೆ ಬರೀ ಬೇಳೆ, ಮೊಟ್ಟೆ ಎಂದು ನಾನು ತಿಳಿದಿದ್ದೆ. ನಮ್ಮ ದೇಹ ತಯಾರಿಸುವ ಪ್ರತಿಕಾಯಗಳೂ ಪ್ರೋಟೀನುಗಳೇ. ಒಂದು ಪ್ರತಿಕಾಯ ಒಂದೇ ಗುರುತನ್ನು ಹಿಡಿಯುತ್ತದೆ, ಕೀಲಿಗೆ ಅದರದೇ ಕೀಲಿಕೈ ಇದ್ದಂತೆ. ಬೇಕಾದ ಒಂದೇ ಬಗೆಯ ಪ್ರತಿಕಾಯವನ್ನು ಪ್ರಯೋಗಶಾಲೆಯಲ್ಲಿ ಬೆಳೆಸುವ ವಿಧಾನವನ್ನು 1975ರಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ತೋರಿಸಿಕೊಟ್ಟರು. 1984ರಲ್ಲಿ ಅವರಿಗೆ ನೊಬೆಲ್ ಬಂತು.

ನಮ್ಮ ಕರ್ನಾಟಕದಲ್ಲೂ ಅಂಥ ಔಷಧ ತಯಾರಾಯಿತು! ಬೆಂಗಳೂರಿನ ಬಯೋಕಾನ್ ಕಂಪನಿ ಕ್ಯೂಬಾ ದೇಶದ ವಿಜ್ಞಾನಿಗಳ ಜೊತೆ ಸೇರಿ ಇಟೋಲಿಝುಮಾಬ್ ಎಂಬ ಪ್ರತಿಕಾಯವನ್ನು ಸಿದ್ಧಪಡಿಸಿ, 2013ರಲ್ಲಿ ಸೋರಿಯಾಸಿಸ್‌ಗಾಗಿ ಮಾರಾಟಕ್ಕೆ ತಂದಿತು. ಟಿ-ಕಣದ ಮೇಲಿರುವ ಸಿಡಿ6 ಎಂಬ ಗುರುತಿಗೆ ಇದು ಅಂಟಿಕೊಳ್ಳುತ್ತದೆ. ಆಗ ಆ ಕಣದ ಆರ್ಭಟ ತಗ್ಗುತ್ತದೆ.

"ಗುಳಿಗಿ ಮಾಡಿ ಯಾಕ ಕೊಡಂಗಿಲ್ಲ?" ಎಂದು ಮಾವ ಕೇಳಿದರು. ನುಂಗಿದರೆ ಹೊಟ್ಟೆ ಅದನ್ನು ತೊಗರಿಬೇಳೆಯಂತೆ ಜೀರ್ಣಿಸಿಬಿಡುತ್ತದೆ! ಅದಕ್ಕೇ ಸಲೈನ್ ಹನಿಸಿದಂತೆ ರಕ್ತನಾಳಕ್ಕೆ ಬಿಡುತ್ತಾರೆ. ಕಾಯಿಸಿದರೆ ಮೊಟ್ಟೆ ಗಟ್ಟಿಯಾಗುವಂತೆ ಪ್ರೋಟೀನ್ ಬಿಸಿಗೆ ಕೆಡುತ್ತದೆ. ಹಾಗಾಗಿ 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ನಮ್ಮೂರಿನ ಕರೆಂಟು ನೆನೆದು ನನಗೆ ನಗು ಬಂತು.

ಬೆಲೆ ಕೇಳಿದರೆ ಮಾತ್ರ ನಗು ಬರುವುದಿಲ್ಲ. 2020ರಲ್ಲಿ ಕೊರೊನಾ ರೋಗಿಗಳಿಗೂ ಇದನ್ನು ಕೊಡಲು ಒಪ್ಪಿಗೆ ಸಿಕ್ಕಾಗ 25 ಮಿಲಿಗ್ರಾಂ ಸೀಸೆಗೆ ಸುಮಾರು 8,000 ರೂಪಾಯಿ ಇತ್ತು. ಸೋರಿಯಾಸಿಸ್‌ಗೆ ತೂಕದ ಕಿಲೋಗೆ 1.6 ಮಿಲಿಗ್ರಾಂ. ಮಾವನ ತೂಕ 60 ಕಿಲೋ. ಲೆಕ್ಕ ಮಾಡಿರಿ: 96 ಮಿಲಿಗ್ರಾಂ, ಅಂದರೆ 4 ಸೀಸೆ, ಒಂದು ಸಲಕ್ಕೆ 32,000. ಮೊದಲ 12 ವಾರ ಎರಡು ವಾರಕ್ಕೊಮ್ಮೆ ಕೊಡಬೇಕು. ಅಷ್ಟು ದುಡ್ಡಿಗೆ ಎಷ್ಟು ಮೊಳ ಮಲ್ಲಿಗೆ ಮಾರಬೇಕೋ! ಇಂಥ ಔಷಧ ಕಾವಲನ್ನೂ ಸಡಿಲ ಮಾಡುವುದರಿಂದ ಮೊದಲು ಕ್ಷಯರೋಗ ಇದೆಯೇ ಎಂದು ಪರೀಕ್ಷಿಸುತ್ತಾರೆ.

ಮಾವನಿಗೆ ರೋಗ ಮೈತುಂಬ ಹರಡಿಲ್ಲ. ಆದ್ದರಿಂದ ಡಾಕ್ಟರು ಮುಲಾಮೇ ಸಾಕೆಂದಿದ್ದಾರೆ. ಹಚ್ಚುತ್ತಿದ್ದಾರೆ, ಸ್ವಲ್ಪ ಕಡಿಮೆಯಾಗಿದೆ.

ಅಂದಹಾಗೆ, ಸೋಮವಾರ ನಮ್ಮ ತರಗತಿಯ ಸರಸ್ವತಿ ಫೋಟೋಕ್ಕೆ ಹಾಕಿದ ಮಲ್ಲಿಗೆ ಮಾಲೆಯನ್ನು ಎಲ್ಲರೂ ಚೆನ್ನಾಗಿದೆ ಎಂದಿರಲ್ಲ, ಅದನ್ನು ಕಟ್ಟಿದ್ದು ಮಾವ.