ಇಂಡೋನೇಷ್ಯಾದಲ್ಲಿ ‘ಸರಿ’, ‘ತಪ್ಪು’ ಹೇಳುವ ಬಗೆ

ಬಾಲಿಗೋ ಜಕಾರ್ತಕ್ಕೋ ಹೊರಟವರು ಸಾಮಾನ್ಯವಾಗಿ ‘ಧನ್ಯವಾದ’, ‘ಎಷ್ಟು?’ ಎಂಬಷ್ಟನ್ನು ಕಲಿತು ವಿಮಾನ ಹತ್ತುತ್ತಾರೆ. ಪೇಟೆ ಸುತ್ತಲು ಅಷ್ಟು ಸಾಕು. ಆದರೆ ಬಿಲ್ಲಿನ ಮೊತ್ತ ತಪ್ಪಿದಾಗ, ಕಾರು ಬೇರೆ ದಾರಿ ಹಿಡಿದಾಗ, ಕಚೇರಿಯ ಪತ್ರದಲ್ಲಿ ನಿಮ್ಮ ಹೆಸರೇ ಅದಲುಬದಲಾದಾಗ ಬೇಕಾಗುವ ಮಾತುಗಳು ಬೇರೆ. ಉದ್ಯೋಗಕ್ಕೆಂದು ಹೋಗಿ ಅಲ್ಲಿ ನೆಲೆಸುವವರಿಗಂತೂ ಇವು ದಿನಬಳಕೆಯವು. ಇಂಗ್ಲಿಷನ್ನು ನಡುವೆ ತಾರದೆ ಕನ್ನಡದಿಂದಲೇ ನೇರವಾಗಿ ಕಲಿತರೆ ಇವು ಬೇಗ ಕೈವಶವಾಗುತ್ತವೆ.

ಮೊದಲು ಕಲಿಯಬೇಕಾದ್ದು ‘ಬುಕಾನ್’ ಮತ್ತು ‘ತಿದಾಕ್’. ಇಂಗ್ಲಿಷ್ ಬಲ್ಲವರು ತಿಂಗಳುಗಟ್ಟಲೆ ಎಡವುವ ಈ ಜೋಡಿ ಕನ್ನಡಿಗರಿಗೆ ಹುಟ್ಟಿನಿಂದಲೇ ಗೊತ್ತು: ಹೆಚ್ಚುಕಡಿಮೆ ನಮ್ಮ ‘ಅಲ್ಲ’ ಮತ್ತು ‘ಇಲ್ಲ’. ‘ಇನಿ ಬುಕಾನ್ ಕೋಪಿ ಸಾಯಾ’ ಎಂದರೆ ‘ಇದು ನನ್ನ ಕಾಫಿ ಅಲ್ಲ’. ‘ತಿದಾಕ್ ಆದಾ ಕೋಪಿ’ ಎಂದರೆ ‘ಕಾಫಿ ಇಲ್ಲ’. ನಾಮಪದವನ್ನು ಅಲ್ಲಗಳೆಯಲು ಬುಕಾನ್, ಕ್ರಿಯೆ ಮತ್ತು ಗುಣವನ್ನು ಅಲ್ಲಗಳೆಯಲು ತಿದಾಕ್. ಗುಣದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ನಾವು ‘ಸರಿಯಲ್ಲ’ ಎನ್ನುವ ಕಡೆ ಅವರು ‘ತಿದಾಕ್ ಬೆನಾರ್’ ಎನ್ನುತ್ತಾರೆ. ಸಾಲದ್ದಕ್ಕೆ, ನಮ್ಮ ‘ಅಲ್ವಾ?’ ಕೂಡ ಅಲ್ಲಿದೆ. ಬುಕಾನ್‌ನ ಬಾಲವಷ್ಟೇ ಉಳಿದ ‘ಕಾನ್’ ಅದು. ‘ಬೆನಾರ್, ಕಾನ್?’ ಅಂದರೆ ‘ಸರಿ, ಅಲ್ವಾ?’

ಎರಡನೆಯದು ‘ಸರಿ’ಯನ್ನು ಬಿಡಿಸಿಕೊಳ್ಳುವುದು. ಕನ್ನಡದ ಒಂದು ‘ಸರಿ’ ಮಾಡುವ ಕೆಲಸವನ್ನು ಅಲ್ಲಿ ಹಲವು ಪದಗಳು ಹಂಚಿಕೊಂಡಿವೆ. ಹೇಳಿದ ಸಂಗತಿ ನಿಜವಾಗಿದ್ದರೆ ‘ಬೆನಾರ್’. ಎದುರಿನವರ ಮಾತಿಗೆ ‘ಹೌದು, ಸರಿ’ ಎಂದು ತಲೆದೂಗಲು ‘ಬೆತುಲ್’. ಇವೆರಡನ್ನೂ ಒಂದರ ಬದಲು ಒಂದು ಬಳಸಿದರೆ ಬಹುತೇಕ ಕಡೆ ಯಾರೂ ಹುಬ್ಬೇರಿಸುವುದಿಲ್ಲ. ಕರಾರುವಾಕ್ಕಾಗಿ ಸರಿ ಎನ್ನಲು ‘ತೆಪಾತ್’. ‘ತೆಪಾತ್ ವಾಕ್ತು’ ಅಂದರೆ ಸರಿಯಾದ ಹೊತ್ತಿಗೆ. ಅಳತೆ ಕೂಡಿಬಂದರೆ ‘ಪಾಸ್’. ಅಂಗಿ ಮೈಗೆ ಸರಿಹೊಂದಿದರೂ ಪಾಸ್, ಚಿಲ್ಲರೆ ಬೇಡದಷ್ಟು ಸರಿಯಾದ ಹಣಕ್ಕೂ ‘ಉಆಂಗ್ ಪಾಸ್’ ಎಂದೇ ಹೆಸರು. ಬೆನಾರ್, ಬೆತುಲ್, ತೆಪಾತ್‌ಗಳ ಮೊದಲ ಸ್ವರವನ್ನು ನಮ್ಮ ‘ಎ’ಯಂತೆ ಒತ್ತಬೇಡಿ, ಅರ್ಧ ನುಂಗಿದ ‘ಅ’ದಂತೆ ತೇಲಿಸಿ.

ಈಗ ತಪ್ಪಿನ ವಿಷಯ. ಪ್ರವಾಸಿ ಕೈಪಿಡಿಗಳು ‘ಸಲಾಹ್’ ಪದವನ್ನು ಮೊದಲೇ ಕಲಿಸುತ್ತವೆ. ನಾನಾದರೆ ಅದನ್ನು ಕೊನೆಗಿಡುತ್ತೇನೆ. ಸಲಾಹ್ ಅಂದರೆ ತಪ್ಪು, ನಿಜ. ಆದರೆ ಮುಖಕ್ಕೆ ಮುಖ ಕೊಟ್ಟು ‘ನಿಮ್ಮದು ಸಲಾಹ್’ ಎಂದರೆ ಎದುರಿನವರಿಗೆ ಮುಜುಗರವಾಗುತ್ತದೆ, ಜಾವಾದ ಕಡೆಯವರಿಗೆ ಇನ್ನೂ ಹೆಚ್ಚು. ಅದರ ಬದಲು ‘ಕುರಾಂಗ್ ತೆಪಾತ್’ ಎನ್ನುತ್ತಾರೆ: ‘ಕರಾರುವಾಕ್ಕಾಗುವುದಕ್ಕೆ ಸ್ವಲ್ಪ ಕಡಿಮೆ’. ಮೇಷ್ಟ್ರು ವಿದ್ಯಾರ್ಥಿಗೆ, ಅಧಿಕಾರಿ ಸಹೋದ್ಯೋಗಿಗೆ ಹೇಳುವುದು ಇದನ್ನೇ. ‘ಕೆಲಿರು’ ಎಂಬ ಪದವೂ ಮೃದು. ಅರಿವಿಲ್ಲದೆ ಆದ ಪ್ರಮಾದ ಎಂಬ ಛಾಯೆ ಅದಕ್ಕಿದೆ.

ಊಟದ ಬಿಲ್ಲಿನಲ್ಲಿ ನೀವು ಕುಡಿಯದ ಎಳನೀರು ಸೇರಿಕೊಂಡಿದೆ ಎನ್ನಿ. ಹೇಳಬೇಕಾದ ಮಾತು ಹೀಗಿರಲಿ: ‘ಮಾಆಫ್, ಮ್ಬಾಕ್, ಸೆಪೆರ್ತಿನ್ಯಾ ಆದಾ ಯಾಂಗ್ ಕೆಲಿರು. ತೊಲೋಂಗ್ ದಿಚೆಕ್ ಲಾಗಿ, ಯಾ.’ ‘ಕ್ಷಮಿಸಿ ಅಕ್ಕಾ, ಏನೋ ಒಂದು ತಪ್ಪಿದಂತಿದೆ, ಇನ್ನೊಮ್ಮೆ ನೋಡಲಾಗುತ್ತಾ?’ ಎಂಬ ಧಾಟಿ. ‘ಸೆಪೆರ್ತಿನ್ಯಾ’ ಎಂದರೆ ‘ಅನ್ನಿಸುತ್ತೆ’. ‘ದಿಚೆಕ್’ ಕರ್ಮಣಿ ರೂಪ, ‘ನೋಡಲ್ಪಡಲಿ’ ಎಂದಂತೆ. ತಪ್ಪು ಯಾರದೆಂದು ಬೆರಳು ತೋರಿಸದೆ ಕೆಲಸ ಮಾಡಿಸುವ ಜಾಣತನ ಈ ‘ದಿ’ಯಲ್ಲಿದೆ. ವಾಕ್ಯದ ಕೊನೆಯ ‘ಯಾ’ ನಮ್ಮ ‘ಆಯ್ತಾ?’ ಇದ್ದ ಹಾಗೆ, ಬಿಡಬೇಡಿ. ಬಡಿಸುವವರು ಗಂಡಸಾದರೆ ‘ಮಾಸ್’, ಹಿರಿಯರಾದರೆ ‘ಪಾಕ್’ ಅಥವಾ ‘ಬು’.

ನಿಮ್ಮದೇ ತಪ್ಪಾದಾಗ ಮಾತ್ರ ಸಲಾಹ್ ಧಾರಾಳವಾಗಿ ಬಳಸಿ. ‘ಮಾಆಫ್, ಸಾಯಾ ಯಾಂಗ್ ಸಲಾಹ್’, ತಪ್ಪು ನನ್ನದೇ. ಮಾತಾಡುತ್ತಾ ನಾಲಗೆ ತಪ್ಪಿದರೆ ‘ಮಾಕ್ಸುದ್ ಸಾಯಾ’ ಎಂದು ಹೇಳಿ ಮಾತು ತಿದ್ದಿಕೊಳ್ಳಿ, ‘ಅಂದರೆ ನಾನು ಹೇಳಹೊರಟದ್ದು’ ಎಂಬ ಅರ್ಥ. ಸಲಾಹ್‌ನ ಬೆನ್ನಿಗೆ ಇನ್ನೊಂದು ಪದ ಸೇರಿಸಿದರೆ ಬೇಕಾದ ತಪ್ಪೆಲ್ಲ ಸಿದ್ಧ: ‘ಸಲಾಹ್ ಜಾಲಾನ್’ ದಾರಿ ತಪ್ಪಿದ್ದು, ‘ಸಲಾಹ್ ಸಾಂಬುಂಗ್’ ರಾಂಗ್ ನಂಬರ್, ‘ಸಲಾಹ್ ಕೆತಿಕ್’ ಟೈಪಿಂಗ್ ದೋಷ, ‘ಸಲಾಹ್ ಪಾಹಾಮ್’ ತಪ್ಪು ತಿಳಿವಳಿಕೆ. ‘ಸಲಾಹ್ ಸಾತು’ ಮಾತ್ರ ಈ ಸಾಲಿಗೆ ಸೇರದು. ಅದರರ್ಥ ‘ಹಲವರಲ್ಲಿ ಒಬ್ಬರು, ಹಲವುಗಳಲ್ಲಿ ಒಂದು’. ಯಾರಾದರೂ ನಿಮ್ಮನ್ನು ‘ಸಲಾಹ್ ಸಾತು ತೆಮಾನ್ ಸಾಯಾ’ ಎಂದು ಪರಿಚಯಿಸಿದರೆ ಬೇಸರಪಡಬೇಕಿಲ್ಲ, ‘ನನ್ನ ಗೆಳೆಯರಲ್ಲೊಬ್ಬರು’ ಎಂದಿದ್ದಾರೆ.

ಮುಂದಿನದು ಸರಿಪಡಿಸುವುದು. ಇಲ್ಲಿ ಮೂಲಪದಕ್ಕೆ ಹಿಂದೆ ಮುಂದೆ ಪ್ರತ್ಯಯ ಅಂಟಿಕೊಂಡು ಅರ್ಥ ಹೊರಳುತ್ತದೆ. ಬೆತುಲ್‌ನಿಂದ ‘ಮೆಂಬೆತುಲ್ಕಾನ್’, ಸರಿಪಡಿಸು. ಒಳ್ಳೆಯದು ಎಂಬರ್ಥದ ‘ಬಾಯಿಕ್’ನಿಂದ ‘ಮೆಂಪೆರ್ಬಾಯಿಕಿ’, ದುರಸ್ತಿ ಮಾಡು ಅಥವಾ ಸುಧಾರಿಸು. ಅಗೆದ ರಸ್ತೆ, ನಿಂತ ಲಿಫ್ಟುಗಳ ಮುಂದೆ ಕಾಣುವ ‘ದಾಲಾಮ್ ಪೆರ್ಬಾಯಿಕಾನ್’ ಫಲಕ ಇದೇ ಕುಟುಂಬದ್ದು. ಬರಹ ತಿದ್ದುವುದು ‘ಮೆಂಗೊರೆಕ್ಸಿ’, ಡಚ್ಚರ ಕಾಲದಿಂದ ಉಳಿದ ‘ಕೊರೆಕ್ಸಿ’ಯಿಂದ ಬಂದದ್ದು. ಪತ್ರಿಕೆಗಳು ತಮ್ಮ ತಪ್ಪಿಗೆ ಹಾಕುವ ತಿದ್ದುಪಡಿಯ ತಲೆಬರಹ ‘ರಾಲಾತ್’. ಹೋಟೆಲಿನ ಎಸಿ ಕೆಟ್ಟರೆ ‘ಆಸೇನ್ಯಾ ರೂಸಾಕ್, ತೊಲೋಂಗ್ ದಿಪೆರ್ಬಾಯಿಕಿ’ ಸಾಕು. ಜಕಾರ್ತದ ಆಡುಮಾತಿನಲ್ಲಿ ಕೆಟ್ಟದ್ದನ್ನೆಲ್ಲ ಸರಿಪಡಿಸಲು ‘ಬೆನೆರಿನ್’ ಎಂಬ ಒಂದೇ ಮಾತು ನಡೆಯುತ್ತದೆ.

ಪ್ರತ್ಯಯದ ಈ ಆಟದಲ್ಲೇ ಹೊಸಬರು ಹೆಚ್ಚು ಎಡವುವುದು. ಬೆನಾರ್‌ನಿಂದ ಬಂದ ‘ಮೆಂಬೆನಾರ್ಕಾನ್’ ಸಾಮಾನ್ಯವಾಗಿ ತಿದ್ದುವುದಲ್ಲ. ‘ನಿಜವೆಂದು ದೃಢಪಡಿಸು’ ಅಥವಾ ‘ಸಮರ್ಥಿಸು’. ಪೊಲೀಸರು ಸುದ್ದಿಯನ್ನು ‘ಮೆಂಬೆನಾರ್ಕಾನ್’ ಮಾಡಿದರೆಂದು ಪತ್ರಿಕೆ ಬರೆದರೆ, ಹೌದೆಂದು ಒಪ್ಪಿದ್ದಾರೆ ಎಂದರ್ಥ. ‘ಕೆಬೆನಾರಾನ್’ ಸತ್ಯ, ಆದರೆ ‘ಕೆಬೆತುಲಾನ್’ ಆಕಸ್ಮಿಕ! ‘ಮೆನ್ಯಾಲಾಹ್ಕಾನ್’ ಎಂದರೆ ದೂಷಿಸು, ‘ಬೆರ್ಸಲಾಹ್’ ಎಂದರೆ ಅಪರಾಧಿ. ಬಿಲ್ಲಿನ ವಿಚಾರಕ್ಕೆ ಈ ಕೊನೆಯ ಎರಡು ಬೇಡವೇ ಬೇಡ. ಸಂಸ್ಕೃತದ ದೋಷದಿಂದ ಬಂದ ‘ದೋಸಾ’ ಕೂಡ ಸಣ್ಣಪುಟ್ಟ ತಪ್ಪಿಗೆ ಸಲ್ಲದು, ಅಲ್ಲಿ ಅದು ಪಾಪ. ಪರೀಕ್ಷಿಸು ಎಂಬರ್ಥದ ‘ಪೆರಿಕ್ಸಾ’, ಪರಿಪೂರ್ಣ ಎಂಬರ್ಥದ ‘ಸೆಂಪುರ್ನಾ’ ಮಾತ್ರ ನಂಬಿ ಬಳಸಬಹುದಾದ ಪರಿಚಿತರು.

ಅಲ್ಲಿ ನೆಲೆಸಿ ಬರೆಯಲೂ ಕಲಿಯುವವರಿಗೆ ‘ಬಾಕು’ ಎಂಬ ಮಾತು ಗೊತ್ತಿರಬೇಕು. ಶಿಷ್ಟರೂಪದ ಪದವೆಂದರೆ ‘ಕಾತಾ ಬಾಕು’. 1972ರಲ್ಲಿ ಜಾರಿಗೆ ಬಂದ ‘ಪರಿಷ್ಕೃತ ಕಾಗುಣಿತ’ವೇ ಇಂದಿನ ಬರವಣಿಗೆಗೆ ತಳಹದಿ. ಆದರೂ ಔಷಧಿ ಅಂಗಡಿಯ ಫಲಕದಲ್ಲಿ ‘ಆಪೊತಿಕ್’ ಕಾಣಬಹುದು, ಶಿಷ್ಟರೂಪ ‘ಆಪೊತೆಕ್’. ಅನುಮತಿಗೆ ‘ಇಜಿನ್’ ಎಂದು ಬರೆಯುವವರಿದ್ದಾರೆ, ಶಿಷ್ಟರೂಪ ‘ಇಝಿನ್’. ಸಂದೇಹ ಬಂದರೆ 1988ರಲ್ಲಿ ಮೊದಲು ಪ್ರಕಟವಾದ, ಈಗ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುವ ಸರ್ಕಾರಿ ನಿಘಂಟು ‘ಕಾಮುಸ್ ಬೆಸಾರ್ ಬಹಾಸಾ ಇಂದೊನೇಸಿಯಾ’ ನೋಡಿ. ಮುದ್ರಿತ ಪ್ರತಿಯಾದರೆ ಹುಡುಕಬೇಕಾದ್ದು ಮೂಲಪದವನ್ನು: ಮೆಂಬೆತುಲ್ಕಾನ್ ಸಿಗುವುದು ಬೆತುಲ್‌ನ ಕೆಳಗೆ.