ಮರ ಕಡಿದಾಯಿತು, ಬೊಡ್ಡೆ ಉಳಿಯಿತು

ಸತ್ಯವೇದ ತೆರೆಯಿರಿ, ಇಬ್ರಿಯರಿಗೆ ಬರೆದ ಪತ್ರಿಕೆ 12ನೇ ಅಧ್ಯಾಯ, 14 ಮತ್ತು 15ನೇ ವಚನ. ಅಲ್ಲಿ ಕಹಿಯಾದ ಒಂದು ಬೇರಿನ ವಿಷಯ ಬರುತ್ತದೆ. ಆ ಬೇರು ಇಟ್ಟುಕೊಂಡವನು ಒಬ್ಬನೇ, ಆದರೆ ಕೆಡುವುದು ಅನೇಕರು. ಈ "ಅನೇಕರು" ಎಂಬ ಮಾತು ಎಷ್ಟೋ ವರ್ಷ ಬೋಧಿಸಿದರೂ ನನಗೆ ಅರ್ಥವಾಗಿರಲಿಲ್ಲ ಪ್ರಿಯರೇ. ಅದನ್ನು ಕಲಿಸಿದ್ದು ನನ್ನ ಹಿತ್ತಿಲಿನ ಒಂದು ತೆಂಗಿನ ಬೊಡ್ಡೆ. ನಮ್ಮ ಕಡೆ ಕುತ್ತಿ ಅಂತೇವಲ್ಲ, ಅದೇ.

ಮನೆಯ ಹಂಚಿನ ಮೇಲೆ ಬಾಗಿದ್ದ ಮರವನ್ನು ಮಳೆಗಾಲದ ಮೊದಲು ಕಡಿಸಿದೆ. ಮೊಣಕಾಲೆತ್ತರದ ಬುಡ ಉಳಿಯಿತು. ಬಟ್ಟೆ ಒಗೆಯುವಾಗ ಬಕೆಟ್ ಇಡಲಿಕ್ಕೆ ಆಯ್ತು ಅಂತ ಬಿಟ್ಟೆ. ಎರಡು ವರ್ಷ ಕಳೆದ ಮೇಲೆ ನೆರೆಮನೆಯ ಅಕ್ಕ ಬಂದು, "ಪಾಸ್ಟ್ರೇ, ನನ್ನ ತೆಂಗಿನ ಸಸಿಯ ಗರಿಯೆಲ್ಲ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಬರ್ತಾ ಉಂಟು. ನಿಮ್ಮ ಕುತ್ತಿ ಒಮ್ಮೆ ಒಡೆದು ನೋಡಿ" ಅಂದರು. ನನಗೆ ಕೋಪ ಬಂತು. "ಅಕ್ಕ, ಸತ್ತ ಮರ ಯಾರಿಗೆ ಏನು ಮಾಡ್ತದೆ?" ಅಂದೆ. ಅವರು ಮಾತು ಬಿಟ್ಟರು. ಒಂದು ಸಸಿ ಸತ್ತಿತು. ಬೇಲಿಯ ಈಚೆ ನಾನು ಪ್ರಾರ್ಥನೆ ಮಾಡುತ್ತಾ ಇದ್ದೆ!

ಕಡೆಗೆ ಒಡೆದೆ. ಒಳಗೆ ಬೆರಳಿಗಿಂತ ದಪ್ಪದ ಬಿಳಿ ಹುಳುಗಳು, ಸುರುಟಿಕೊಂಡು. ಮೂವತ್ತರ ನಂತರ ಎಣಿಸುವುದನ್ನು ಬಿಟ್ಟೆ.

ಅದು ಕುರುವಾಯಿ ದುಂಬಿಯ ಮರಿ. ಗೊಬ್ಬರದ ಗುಂಡಿ, ಕೊಳೆಯುವ ತೆಂಗಿನ ಬೊಡ್ಡೆ, ಇವೇ ಅದಕ್ಕೆ ಹೆರಿಗೆ ಮನೆ. ಹುಳು ತಿಂಗಳುಗಟ್ಟಲೆ ಅಲ್ಲೇ ತಿಂದು ಬೆಳೆಯುತ್ತದೆ, ನಮಗೆ ಏನೂ ಕಾಣುವುದಿಲ್ಲ. ದುಂಬಿಯಾದ ಮೇಲೆ ರಾತ್ರಿ ಹಾರಿ ಹೋಗಿ ಜೀವಂತ ಮರದ ಸುಳಿ ಕೊರೆಯುತ್ತದೆ. ಗರಿ ಇನ್ನೂ ಮಡಚಿಕೊಂಡಿರುವಾಗಲೇ ಕೊರೆದದ್ದು, ಬಿಡಿಸಿದಾಗ ಬೀಸಣಿಗೆ ಕತ್ತರಿಸಿದ ಹಾಗೆ ಕಾಣುತ್ತದೆ. ಆ ಗಾಯಕ್ಕೆ ಕೆಂಪು ಮೂತಿ ಹುಳು ಬಂದು ಮೊಟ್ಟೆ ಇಟ್ಟರೆ ದೊಡ್ಡ ಮರವೂ ಉಳಿಯುವುದು ಕಷ್ಟ. ಕಾಸರಗೋಡಿನಲ್ಲಿ 1916ರಲ್ಲಿ ಶುರುವಾದ ತೆಂಗಿನ ಸಂಶೋಧನಾ ಕೇಂದ್ರ ಉಂಟಲ್ಲ, ಈಗಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ, ಅವರೂ ಇದನ್ನೇ ಹೇಳುತ್ತಾರೆ: ಸತ್ತ ಮರ, ಬೊಡ್ಡೆ ತೋಟದಲ್ಲಿ ಬಿಡಬೇಡಿ. ಅಕ್ಕನಿಗೆ ಗೊತ್ತಿತ್ತು, ಬೋಧಕನಿಗೆ ಗೊತ್ತಿರಲಿಲ್ಲ.

ತೆಗೆಯುವುದು ಹೇಗೆ? ಕೆಲವರು ಉಪ್ಪು ಸುರಿಯಿರಿ ಅಂದರು. ಮಲ್ಪೆಯಲ್ಲಿ ಉಪ್ಪಿಗೆ ಬರವಾ? ಇನ್ನೊಬ್ಬರು ಡೀಸೆಲ್ ಅಂದರು. ಬಾವಿ ಹತ್ತು ಹೆಜ್ಜೆ ದೂರದಲ್ಲಿ ಉಂಟು ಮಾರಾಯ್ರೆ, ಹೊಯಿಗೆ ಮಣ್ಣಿನಲ್ಲಿ ಸುರಿದದ್ದು ಎಲ್ಲಿಗೆ ಹೋಗ್ತದೆ? ಬೆಂಕಿ ಇಟ್ಟರೆ ಒಳಗೊಳಗೇ ದಿನಗಟ್ಟಲೆ ಹೊಗೆಯಾಡುತ್ತದೆ. ಜೇಸಿಬಿ ನಮ್ಮ ಓಣಿಗೆ ಬರುವುದಿಲ್ಲ. ಉಳಿದದ್ದು ಪಿಕ್ಕಾಸು ಮತ್ತು ಕೊಡಲಿ.

ತೆಂಗಿಗೆ ತಾಯಿಬೇರು ಇಲ್ಲ. ಗಡ್ಡೆಯಂಥ ಬುಡದಿಂದ ಹಗ್ಗದಂಥ ಸಾವಿರಾರು ಬೇರು. ಮಳೆಗಾಲದಲ್ಲಿ ಅಗೆದರೆ ನೀರು ಬಂದು ಗುಂಡಿ ಕುಸಿಯುತ್ತದೆ, ಬೇಸಿಗೆಯಲ್ಲೇ ಅಗೆಯಬೇಕು. ಸುತ್ತ ಒಂದೂವರೆ ಅಡಿ ಬಿಟ್ಟು ಹೊಂಡ ತೆಗೆದೆವು. ಬೇರಿನ ಹೊಯಿಗೆ ಕೆರೆದು ತೆಗೆದ ಮೇಲೆಯೇ ಕೊಡಲಿ ಹಾಕಬೇಕು, ಇಲ್ಲದಿದ್ದರೆ ಕೊಡಲಿಯ ಬಾಯಿ ಹೋಗ್ತದೆ. ಒಂದು ಕಡೆಯ ಬೇರೆಲ್ಲ ಕಡಿದು, ಬೋಟಿನ ಹಗ್ಗ ಕಟ್ಟಿ ನಾಲ್ಕು ಜನ ಎಳೆದಾಗ ಮಗುಚಿತು. ಸೀಳಿ ಒಣಗಿಸಿದ್ದು ಬಚ್ಚಲ ಒಲೆಗೆ ಹೋಯಿತು. ಹುಳುಗಳು ಕೋಳಿಗೆ.

ಆದರೆ ಎಲ್ಲ ಬೊಡ್ಡೆಯೂ ಒಂದೇ ಅಲ್ಲ, ಇದನ್ನು ಗಮನಿಸಿ. ತೆಂಗಿಗೆ ತಲೆಯಲ್ಲಿ ಒಂದೇ ಸುಳಿ, ಅದು ಹೋದರೆ ಬುಡ ಚಿಗುರುವುದಿಲ್ಲ. ಹಲಸು, ಸಾಗುವಾನಿ ಹಾಗಲ್ಲ. ಯೋಬ 14ನೇ ಅಧ್ಯಾಯ 7ರಿಂದ 9 ನೋಡಿ, ನೀರಿನ ವಾಸನೆ ಸಾಕು ಅದಕ್ಕೆ. ಯೋಬ ಅದನ್ನು ಸಂತೋಷದಲ್ಲಿ ಹೇಳಲಿಲ್ಲ. ಮರಕ್ಕಾದರೂ ನಿರೀಕ್ಷೆ ಉಂಟು, ಮನುಷ್ಯನಿಗೆ ಏನುಂಟು ಅಂತ ಅಳುತ್ತಾ ಹೇಳಿದ. ಅಂಥ ಬೊಡ್ಡೆ ನಿಮ್ಮ ಅಂಗಳದಲ್ಲಿದ್ದರೆ ಅವಸರ ಮಾಡಬೇಡಿ. ಗಟ್ಟಿಯಾದ ಒಂದು ಚಿಗುರು ಬಿಟ್ಟು ಉಳಿದದ್ದು ತೆಗೆದರೆ ಮತ್ತೆ ಮರವಾಗುತ್ತದೆ. ಬೇಡವೇ ಬೇಡ ಅಂದರೆ ಚಿಗುರು ಬಂದ ಹಾಗೆ ಮುರಿಯುತ್ತಾ ಇರಬೇಕು, ಬೇರಿನಲ್ಲಿ ಕೂಡಿಟ್ಟ ಆಹಾರ ಮುಗಿಯುವ ತನಕ. ಒಂದು ಮಳೆಗಾಲಕ್ಕೆ ಮುಗಿಯುವುದಿಲ್ಲ.

ಮನೆಯೊಳಗಿನ ಜಗಳವೂ ಹೀಗೆಯೇ ಎರಡು ಜಾತಿ. ಕೆಲವು ಸಂಬಂಧ ಕಡಿದ ಹಾಗೆ ಕಾಣುತ್ತದೆ, ಬೇರು ಜೀವಂತ ಇರುತ್ತದೆ, ಅದಕ್ಕೆ ನೀರು ಹಾಕಿ. ಕೆಲವು ಕೋಪ ಸತ್ತು ಎಷ್ಟೋ ಕಾಲವಾಗಿರುತ್ತದೆ, ಯಾಕೆ ಜಗಳ ಆಯ್ತು ಅಂತಲೂ ನೆನಪಿಲ್ಲ. ಅದರ ಮೇಲೆ ಬಕೆಟ್ ಇಟ್ಟುಕೊಂಡು ಬದುಕುತ್ತೇವೆ. ಹುಳು ಹಾರುವುದು ಮಕ್ಕಳ ಸುಳಿಗೆ.

ನಾನು ಎರಡು ಸಸಿ ಹಿಡಿದು ಅಕ್ಕನ ಮನೆಗೆ ಹೋದೆ. ಮೊದಲ ದಿನ ಬಾಗಿಲು ತೆಗೆಯಲಿಲ್ಲ. ಎರಡನೇ ಸಲ ಸಸಿ ತೆಗೆದುಕೊಂಡರು, ಮಾತಾಡಲಿಲ್ಲ. ಮೂರನೇ ಸಲ, "ಸುಳಿಯ ಹತ್ತಿರದ ಗರಿಯ ಬುಡಕ್ಕೆ ಬೇವಿನ ಹಿಂಡಿ, ಹೊಯಿಗೆ ಸಮ ಸಮ ಹಾಕಬೇಕು ಪಾಸ್ಟ್ರೇ, ಅದೂ ನಿಮಗೆ ಗೊತ್ತಿಲ್ಲವಾ?" ಅಂದರು. ಸ್ತೋತ್ರ!

ಅವರ ಹಿತ್ತಿಲಲ್ಲೂ ಒಂದು ಹಳೆ ಬೊಡ್ಡೆ ಉಂಟು. ಬರುವ ಶನಿವಾರ ಬೆಳಿಗ್ಗೆ ಏಳಕ್ಕೆ ಯೌವನಸ್ಥರು ಪಿಕ್ಕಾಸು ಹಿಡಿದು ಬನ್ನಿ. ಹಗ್ಗ ನಾನು ತರ್ತೇನೆ. ಈಗ ಎದ್ದು ನಿಂತು ಪ್ರಾರ್ಥಿಸೋಣ.